ಕನ್ಸೋಲ್ ಲಾಂಚ್ ದಿನ ನಮ್ಮನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನಲ್ಲಿ ಹೊಸ ಬೈಕ್ ಬಂದ್ರೆ, ಹೊಸ ಫೋನ್ ಬಂದ್ರೆ ಅರ್ಧ ಪುಟ ಇರುತ್ತೆ, ಮೈಲೇಜ್ ಎಷ್ಟು, ಕ್ಯಾಮೆರಾ ಹೇಗೆ, ಆನ್ ರೋಡ್ ಎಷ್ಟು ಬೀಳುತ್ತೆ ಅಂತ ಬಿಡಿಸಿ ಬಿಡಿಸಿ ಬರೀತೀರ. ಟಿವಿಗೆ ಹಾಕಿ ಆಡೋ ಗೇಮ್ ಕನ್ಸೋಲ್ ಬಂದಾಗ ಮಾತ್ರ ಎರಡು ಪ್ಯಾರಾ, ಅದ್ರಲ್ಲೂ ಡಾಲರ್ ರೇಟ್ ಹಾಕಿ ಮುಗಿಸಿಬಿಡ್ತೀರ, ಇಲ್ಲಿಗೆ ಯಾವಾಗ ಬರುತ್ತೆ, ಬರುತ್ತೋ ಇಲ್ವೋ ಅನ್ನೋದೇ ಇರಲ್ಲ. ಸ್ಕೂಲ್ ದಿನಗಳಿಂದ ಕನ್ಸೋಲ್ ಆಡ್ಕೊಂಡು ಬಂದೋನು ನಾನು, ಈಗ ಕೆಲಸ ಸಂಸಾರ ಅಂತ ಆದ್ಮೇಲೂ ಬಿಟ್ಟಿಲ್ಲ, ಅದಕ್ಕೆ ಈ ವಿಷಯ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಲಾಂಚ್ ಅಂದ್ರೆ ಎಲ್ಲರೂ ಮೆಷಿನ್ ಎಷ್ಟು ಪವರ್‌ಫುಲ್ ಅಂತ್ಲೇ ಮಾತಾಡ್ತಾರೆ. ನಾನು ನೋಡಿದ ಮಟ್ಟಿಗೆ ಕಂಪನಿಗಳು ಸೋತಿದ್ದು ಪವರ್ ಕಮ್ಮಿ ಆಗಿ ಅಂತ ಬಹಳ ಕಮ್ಮಿ, ತಗೊಳ್ಳೋ ಜನರನ್ನ, ಮಾರೋ ಅಂಗಡಿಯವರನ್ನ, ಗೇಮ್ ಮಾಡೋರನ್ನ ಲೆಕ್ಕಕ್ಕೆ ಇಟ್ಕೊಳ್ದೆ ಸೋತಿದ್ದೇ ಜಾಸ್ತಿ. 1995ರ ಮೇ ತಿಂಗಳ ಕಥೆ ತಗೊಳ್ಳಿ. ಅಮೆರಿಕದಲ್ಲಿ ಇ3 ಅನ್ನೋ ಗೇಮ್ ಕಂಪನಿಗಳ ಮೊದಲನೇ ಶೋ, ಸೆಗಾ ಕಂಪನಿಯ ಸ್ಯಾಟರ್ನ್ ಕನ್ಸೋಲ್ ಸೆಪ್ಟೆಂಬರ್‌ಗೆ ಬರುತ್ತೆ ಅಂತ ಎಲ್ಲರಿಗೂ ಹೇಳಿಯಾಗಿತ್ತು, ಅಂಗಡಿಯವರೂ ಗೇಮ್ ಮಾಡೋರೂ ಅದೇ ಲೆಕ್ಕದಲ್ಲಿದ್ರು, ಇದ್ದಕ್ಕಿದ್ದಂತೆ ಸೆಗಾದ ಟಾಮ್ ಕಲಿನ್‌ಸ್ಕಿ ಸ್ಟೇಜ್ ಮೇಲೆ ಬಂದು ಸ್ಯಾಟರ್ನ್ ಈಗಾಗ್ಲೇ ಅಂಗಡಿಗೆ ಬಂದಿದೆ, ರೇಟ್ 399 ಡಾಲರ್ ಅಂದ್ಬಿಟ್ರು. ಸೋನಿಯ ಪ್ಲೇಸ್ಟೇಷನ್ ಕನ್ಸೋಲ್‌ಗಿಂತ ನಾಲ್ಕು ತಿಂಗಳು ಮುಂಚೆ ಬಂದ್ರೆ ಮಾರ್ಕೆಟ್ ನಮ್ದೇ ಅನ್ನೋ ಲೆಕ್ಕ. ಅದೇ ಶೋನಲ್ಲಿ ಆಮೇಲೆ ಸೋನಿ ಸರದಿ ಬಂತು. ಸ್ಟೀವ್ ರೇಸ್ ಅನ್ನೋರು ಮೈಕ್ ಹತ್ರ ಬಂದು "299" ಅಂದು ವಾಪಸ್ ಹೋಗಿ ಕೂತ್ಕೊಂಡ್ರು, ಅಷ್ಟೇ, ಹಾಲ್ ತುಂಬಾ ಚಪ್ಪಾಳೆ.

ನೂರು ಡಾಲರ್ ವ್ಯತ್ಯಾಸ ಒಂದು ಕಡೆ ಇರ್ಲಿ, ಸೆಗಾಗೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ಬೇರೆ ಕಡೆ. ಆ ದಿನ ಸ್ಯಾಟರ್ನ್ ಸಿಕ್ಕಿದ್ದು ಆಯ್ದ ನಾಲ್ಕು ಅಂಗಡಿ ಚೈನ್‌ಗೆ ಮಾತ್ರ. ಬಿಟ್ಟುಹೋದವರಿಗೆ ಎಷ್ಟು ಸಿಟ್ಟು ಬಂತು ಅಂದ್ರೆ ಕೆಬಿ ಟಾಯ್ಸ್‌ನವರು ಸೆಗಾ ಮಾಲು ಇಡೋದೇ ಇಲ್ಲ ಅಂದ್ಬಿಟ್ರು. ಹೊರಗಿನ ಗೇಮ್ ಕಂಪನಿಗಳು ಸೆಪ್ಟೆಂಬರ್‌ಗೆ ಅಂತ ಕೆಲಸ ಮಾಡ್ತಿದ್ರು, ಅವರ ಗೇಮ್ ಯಾವುದೂ ರೆಡಿ ಇರ್ಲಿಲ್ಲ, ದುಡ್ಡು ಕೊಟ್ಟು ತಗೊಂಡ ಜನಕ್ಕೆ ಬೇಸಿಗೆ ಪೂರ್ತಿ ಆಡೋಕೆ ಬೆರಳೆಣಿಕೆಯಷ್ಟು ಗೇಮ್. ಸೆಗಾದ ಮುಂದಿನ ಕನ್ಸೋಲ್ ಡ್ರೀಮ್‌ಕಾಸ್ಟ್ 1999ರ ಸೆಪ್ಟೆಂಬರ್ 9ಕ್ಕೆ ಬರೀ 199 ಡಾಲರ್‌ಗೆ ಬಂತು, ಗೇಮ್‌ಗಳೂ ಚೆನ್ನಾಗಿದ್ವು, ಲಾಂಚ್ ಅಂದ್ರೆ ಹಿಂಗಿರ್ಬೇಕು ಅಂತ ಈಗ್ಲೂ ಹೇಳ್ತೀನಿ, ಆದ್ರೂ ಕಳ್ಕೊಂಡ ನಂಬಿಕೆ ವಾಪಸ್ ಬರ್ಲಿಲ್ಲ. 2001ರ ಜನವರಿಯಲ್ಲಿ ಸೆಗಾ ಕನ್ಸೋಲ್ ಮಾಡೋದನ್ನೇ ನಿಲ್ಲಿಸ್ತೀವಿ ಅಂತು.

2013ರಲ್ಲಿ ಮೈಕ್ರೋಸಾಫ್ಟ್ ಮಾಡಿದ್ದೂ ಇದೇ ಜಾತಿ ತಪ್ಪು. ಅವರ ಹೊಸ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್‌ಗೆ 24 ಗಂಟೆಗೆ ಒಂದ್ಸಲ ಇಂಟರ್ನೆಟ್ ಕನೆಕ್ಟ್ ಆಗ್ಲೇಬೇಕು, ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗೆ ಕಂಡಿಷನ್ನು, ಜೊತೆಗೆ ಕಿನೆಕ್ಟ್ ಕ್ಯಾಮೆರಾ ಸೇರಿಸಿ 499 ಡಾಲರ್. ನೆಟ್ ಇಲ್ದೋರು ಏನ್ ಮಾಡ್ಬೇಕು ಅಂತ ಕೇಳಿದ್ದಕ್ಕೆ ಅವತ್ತಿನ ಎಕ್ಸ್‌ಬಾಕ್ಸ್ ಬಾಸ್ ಡಾನ್ ಮ್ಯಾಟ್ರಿಕ್ ಅವರು, ಅಂಥವರಿಗೆ ಹಳೇ ಎಕ್ಸ್‌ಬಾಕ್ಸ್ 360 ಇದೆಯಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ರು. ಕರೆಂಟ್ ಹೋದ್ರೆ ರೂಟರ್ರೂ ಹೋಗೋ ಊರಲ್ಲಿ ಇರೋ ನಮ್ಮಂಥವರಿಗೆ ಆ ಮಾತು ಹೇಗೆ ಕೇಳಿಸಿರ್ಬೇಡ ಹೇಳಿ. ಸೋನಿ ಅದೇ ಜೂನ್‌ನಲ್ಲಿ ಪಿಎಸ್4, ಅಂದ್ರೆ ಪ್ಲೇಸ್ಟೇಷನ್ 4, ರೇಟ್ 399 ಅಂತ ಹೇಳಿ ಒಂದು ಸಣ್ಣ ವಿಡಿಯೊ ಬಿಟ್ರು, ಗೇಮ್ ಶೇರ್ ಮಾಡೋದು ಹೇಗೆ ಅಂತ, ಒಬ್ಬ ಡಿಸ್ಕ್ ಕೊಡ್ತಾನೆ, ಇನ್ನೊಬ್ಬ ಥ್ಯಾಂಕ್ಸ್ ಅಂತ ತಗೋತಾನೆ, ಮುಗೀತು. ಜೂನ್ 19ಕ್ಕೆ ಮೈಕ್ರೋಸಾಫ್ಟ್ ಆ ರೂಲ್ಸ್ ಎಲ್ಲಾ ವಾಪಸ್ ತಗೊಂಡ್ರು, ಆದ್ರೆ ಮಾತು ಆಡಿ ಆಗಿತ್ತು. ಎರಡು ವರ್ಷ ಕಳೆಯೋಷ್ಟರಲ್ಲಿ ಎಷ್ಟು ಎಕ್ಸ್‌ಬಾಕ್ಸ್ ಮಾರಿದ್ವಿ ಅಂತ ಲೆಕ್ಕ ಹೇಳೋದನ್ನೇ ಅವರು ನಿಲ್ಲಿಸಿಬಿಟ್ರು, ಪಿಎಸ್4 ಕೊನೆಗೆ 11 ಕೋಟಿ ದಾಟ್ತು.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ಪಿಎಸ್5 ಅಮೆರಿಕ ಜಪಾನ್‌ನಲ್ಲಿ 2020ರ ನವೆಂಬರ್ 12ಕ್ಕೆ ಬಂತು, ಇಲ್ಲಿಗೆ 2021ರ ಫೆಬ್ರವರಿ 2. ಎರಡೂವರೆ ತಿಂಗಳು ದಾಟಿತ್ತು, ಎಲ್ಲರೂ ಉಂಡು ಎದ್ದ ಮೇಲೆ ನಮಗೆ ಎಲೆ ಹಾಕಿದ ಹಾಗೆ. ಜನವರಿ 12ರ ಮಧ್ಯಾಹ್ನ 12ಕ್ಕೆ ಪ್ರಿ-ಆರ್ಡರ್ ಓಪನ್ ಆಯ್ತು, ಆಫೀಸಲ್ಲಿ ಊಟಕ್ಕೂ ಏಳದೆ ಫೋನ್ ಲ್ಯಾಪ್‌ಟಾಪ್ ಎರಡ್ರಲ್ಲೂ ಪೇಜ್ ರಿಫ್ರೆಶ್ ಮಾಡ್ತಾ ಕೂತಿದ್ದೆ, ಒಂದು ಸೈಟ್‌ನಲ್ಲಿ ಕಾರ್ಟ್‌ಗೂ ಬಂತು, ಅಡ್ರೆಸ್ಸೂ ಹಾಕ್ದೆ, ಕಾರ್ಡ್ ನಂಬರ್ ಹೊಡೆದು ಓಟಿಪಿ ಬರೋಷ್ಟರಲ್ಲಿ ಪೇಜ್ ನಿಂತೋಯ್ತು, ಮತ್ತೆ ಓಪನ್ ಆದಾಗ ಔಟ್ ಆಫ್ ಸ್ಟಾಕ್. ಸಂಜೆಗೆಲ್ಲಾ ಅದೇ ಮೆಷಿನ್ ಸೆಕೆಂಡ್ಸ್ ಮಾರೋ ಆ್ಯಪ್‌ಗಳಲ್ಲಿ ಸಿಕ್ಕಾಪಟ್ಟೆ ರೇಟ್‌ಗೆ ಕಾಣಿಸ್ಕೊಳ್ತು. ಪೆಟ್ಟಿಗೆ ಇನ್ನೂ ದೇಶದಲ್ಲಿ ಮಾರಾಟಕ್ಕೇ ಬಂದಿಲ್ಲ, ಅಷ್ಟರಲ್ಲೇ ಬ್ಲ್ಯಾಕ್.

ರೇಟ್ ಬಗ್ಗೆ ನಾನು ಕಂಪನೀನ ಬೈಯಲ್ಲ, ಇದನ್ನ ನ್ಯಾಯವಾಗಿ ಹೇಳ್ಬೇಕು. ಪಿಎಸ್5ನ ಅಮೆರಿಕದ ರೇಟ್ 499 ಡಾಲರ್ ಅಂದ್ರೆ ಆಗಿನ ಲೆಕ್ಕಕ್ಕೆ 36,500 ರೂಪಾಯಿ ಚಿಲ್ಲರೆ, ಅದ್ರ ಮೇಲೆ ಕಸ್ಟಮ್ಸ್, ಅದ್ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ (2018ರ ತನಕ 28 ಇತ್ತು), ಎಲ್ಲಾ ಸೇರಿದ್ರೆ ಇಲ್ಲಿನ 49,990 ಅನ್ನೋದು ದುರಾಸೆಯ ರೇಟ್ ಏನಲ್ಲ. ಹೊಟ್ಟೆ ಉರಿಯೋದು ಆಮೇಲಿನದಕ್ಕೆ. ಮೊದಲೆಲ್ಲ ಕನ್ಸೋಲ್ ಹಳೇದಾಗ್ತಾ ಅಗ್ಗ ಆಗ್ತಿತ್ತು, ಪಿಎಸ್2 ಅಮೆರಿಕದಲ್ಲಿ 299ಕ್ಕೆ ಬಂದಿದ್ದು 2009ಕ್ಕೆ 99 ಡಾಲರ್ ಆಗಿತ್ತು, ನಮ್ಮಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಪ್ಲೇಸ್ಟೇಷನ್ ಬಂದಿದ್ದೇ ಆ ಥರ ಇಳಿದ ಮೇಲೆ. ಪಿಎಸ್5 ಉಲ್ಟಾ, 2022ರ ನವೆಂಬರ್‌ನಲ್ಲಿ 54,990 ಆಯ್ತು. ಜೊತೆಗೆ ಸೋನಿಯ ದೊಡ್ಡ ಗೇಮ್ ಒಂದೊಂದಕ್ಕೂ 4,999 ರೂಪಾಯಿ. ಪಿಸಿಯಲ್ಲಿ ಆಡೋರಿಗೆ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ನಮ್ಮ ದೇಶಕ್ಕೇ ಅಂತ ಬೇರೆ ರೇಟ್ ಇಡ್ತಾರೆ, ಕನ್ಸೋಲ್‌ನವರಿಗೆ ಯಾಕೆ ಆಗಲ್ಲ? ಈ ರೇಟ್‌ಗೆ ನಮ್ಮ ಹುಡುಗ್ರು ಮಾಡೋದು ಒಂದೇ, ನಾಲ್ಕು ಜನ ಫ್ರೆಂಡ್ಸ್ ನಾಲ್ಕು ಡಿಸ್ಕ್ ತಗೊಂಡು ಬದಲಾಯಿಸ್ಕೊಂಡು ಆಡೋದು, ಮುಗಿದ ಮೇಲೆ ಅಂಗಡಿಗೆ ಕೊಟ್ಟು ಎಕ್ಸ್‌ಚೇಂಜ್. ಅಂಥದ್ರಲ್ಲಿ 2024ರ ಪಿಎಸ್5 ಪ್ರೊ ಡಿಸ್ಕ್ ಡ್ರೈವ್ ಇಲ್ದೇನೇ ಬಂತು, ಬೇಕಂದ್ರೆ ಬೇರೆ ದುಡ್ಡು. ಆ ಲಾಂಚ್‌ನಲ್ಲಿ ಇಲ್ಲಿಗಂತೂ ಅದು ಬರ್ಲೇ ಇಲ್ಲ ಬಿಡಿ, ಅದ್ರಲ್ಲಿರೋ ವೈಫೈ 7 ಬಳಸೋ 6 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಭಾರತದಲ್ಲಿ ಇನ್ನೂ ಅನುಮತಿ ಸಿಕ್ಕಿಲ್ಲ ಅಂತ ಆಗ ಕಾರಣ ಹೇಳಿದ್ರು. ಸರ್ಕಾರ ತಡ ಮಾಡಿದ್ದೂ ನಿಜ, ಆದ್ರೆ ಇಷ್ಟು ದೊಡ್ಡ ದೇಶಕ್ಕೋಸ್ಕರ ಆ ಬ್ಯಾಂಡ್ ಒಂದನ್ನ ಆಫ್ ಮಾಡಿ ಕಳಿಸೋಕೆ ಆಗ್ತಿರ್ಲಿಲ್ವಾ ಅನ್ನೋ ಪ್ರಶ್ನೆಗೆ ನನಗಂತೂ ಉತ್ತರ ಸಿಕ್ಕಿಲ್ಲ.

ಜಪಾನಿನ ನಿಂಟೆಂಡೊ ಕಂಪನಿದು ಇನ್ನೂ ಬೇಜಾರು. ಅವರ 2017ರ ಕನ್ಸೋಲ್ ಸ್ವಿಚ್ ಅಧಿಕೃತವಾಗಿ ಇಲ್ಲಿಗೆ ಬರ್ಲೇ ಇಲ್ಲ, 2025ರ ಜೂನ್ 5ಕ್ಕೆ ಸ್ವಿಚ್ 2 ಬಂದು ನಾಲ್ಕೇ ದಿನದಲ್ಲಿ 35 ಲಕ್ಷ ಮಾರಾಟ ಆಯ್ತು, ಆ ಲಾಂಚ್‌ನಲ್ಲೂ ನಮ್ಮ ದೇಶದ ಹೆಸರಿಲ್ಲ. ಹಾಗಂತ ಇಲ್ಲಿ ಯಾರೂ ಆಡ್ತಿಲ್ವಾ? ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ಗೆ ಹೋಗಿ ನೋಡಿ, ಗಾಜಿನ ಶೋಕೇಸ್ ಒಳಗೆ ಜಪಾನಿ ಅಕ್ಷರ ಇರೋ ಬಾಕ್ಸು, ಅಮೆರಿಕದ ಚಪ್ಪಟೆ ಪಿನ್ನಿನ ಚಾರ್ಜರ್, ಅದಕ್ಕೊಂದು ಅಡಾಪ್ಟರ್ ಸೇರಿಸಿ ಕೊಡ್ತಾರೆ. ಬಿಲ್ ಕೇಳಿದ್ರೆ ಒಂದು ರೇಟು, ಕೇಳ್ದಿದ್ರೆ ಒಂದು ರೇಟು. ವಾರಂಟಿ ಎಷ್ಟು ದಿನ ಅಂದ್ರೆ "ಅಂಗಡಿ ವಾರಂಟಿ ಒಂದ್ವಾರ ಸಾರ್" ಅಂತಾರೆ. ಕಂಟ್ರೋಲರ್ ಸ್ಟಿಕ್ ತನ್ನಷ್ಟಕ್ಕೆ ತಾನೇ ಒಂದು ಕಡೆ ಎಳೆಯೋಕೆ ಶುರು ಮಾಡಿದ್ರೆ ರಿಪೇರಿ ಹುಡುಗ್ರೇ ಗತಿ, ಕಂಪನಿ ಸರ್ವಿಸ್ ಸೆಂಟರ್ ಅನ್ನೋದೇ ಇಲ್ಲ. ಸರ್ಕಾರಕ್ಕೆ ತೆರಿಗೆ ಇಲ್ಲ, ಕಂಪನಿಗೆ ಇಲ್ಲಿ ಎಷ್ಟು ಜನ ಆಡ್ತಾರೆ ಅನ್ನೋ ಲೆಕ್ಕ ಸಿಗಲ್ಲ, ಲೆಕ್ಕ ಸಿಗದೇ ಇದ್ದಿದ್ದಕ್ಕೆ ಮಾರ್ಕೆಟ್ ಚಿಕ್ಕದು ಅಂತಾರೆ, ಚಿಕ್ಕದು ಅಂತ ಬರಲ್ಲ.

ಇಲ್ಲಿ ಜನ ಫೋನ್‌ನಲ್ಲೇ ಆಡ್ತಾರೆ, ಐವತ್ತು ಸಾವಿರದ ಪೆಟ್ಟಿಗೆ ಯಾರು ತಗೋತಾರೆ ಅನ್ನೋ ವಾದ ನನಗೂ ಗೊತ್ತು. ಅದೇ ಐವತ್ತು ಸಾವಿರದ ಫೋನ್ ಇಎಂಐ ಮೇಲೆ ನಮ್ಮ ಓಣೀಲೇ ಎಷ್ಟು ಜನ ಹಿಡ್ಕೊಂಡಿದಾರೆ. ಅಷ್ಟಕ್ಕೂ ಗೇಮ್ ಮಾಡೋಕೆ ನಾವು ಬೇಕು. 1997ರಲ್ಲಿ ಬೆಂಗಳೂರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಮೈಕ್ರೋಸಾಫ್ಟ್‌ನ ಫೋರ್ಜಾ ಅನ್ನೋ ಕಾರ್ ರೇಸ್ ಗೇಮ್‌ಗಳಿಗೆ ಕಾರ್ ಮಾಡಿ ಕೊಟ್ಟ ಕಂಪನಿ, 2019ರಲ್ಲಿ ಅದನ್ನ ಜಿಟಿಎ ಗೇಮ್ ಮಾಡೋ ರಾಕ್‌ಸ್ಟಾರ್ ಕಂಪನಿ ತಗೊಂಡ್ರು. ಸೋನಿ ಕೂಡ 2023ರಲ್ಲಿ ಇಂಡಿಯಾ ಹೀರೋ ಪ್ರಾಜೆಕ್ಟ್ ಅಂತ ಮಾಡಿ ಇಲ್ಲಿನ ಗೇಮ್‌ಗಳಿಗೆ ದುಡ್ಡು ಹಾಕ್ತೀವಿ ಅಂದ್ರು, ಅದನ್ನ ನಾನು ಮನಸಾರೆ ಮೆಚ್ಚಿದೀನಿ. ಮೈಕ್ರೋಸಾಫ್ಟ್‌ಗೂ ಒಂದು ಮೆಚ್ಚುಗೆ ಸಲ್ಲಬೇಕು, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್ ಎರಡನ್ನೂ 2020ರ ನವೆಂಬರ್ 10ಕ್ಕೆ, ಬೇರೆ ದೇಶಗಳಲ್ಲಿ ಬಂದ ದಿನವೇ ಇಲ್ಲಿಗೂ ತಂದ್ರು, ಎಸ್ ರೇಟ್ 34,990. ಅಂದ್ರೆ ಮನಸ್ಸು ಮಾಡಿದ್ರೆ ಆಗುತ್ತೆ.

ಮುಂದಿನ ಕನ್ಸೋಲ್‌ಗಳ ಮಾತು ಈಗಾಗ್ಲೇ ಶುರುವಾಗಿದೆ. ಆ ಕಂಪನಿಗಳ ಇಂಡಿಯಾ ಆಫೀಸ್‌ನವರು ಪ್ರೆಸ್ ಮೀಟ್ ಕರೆದಾಗ ನಿಮ್ಮ ವರದಿಗಾರರು ಹೋಗೇ ಹೋಗ್ತಾರೆ. ದಯವಿಟ್ಟು ಮೂರು ಪ್ರಶ್ನೆ ಕೇಳೋಕೆ ಹೇಳಿ ಸಾರ್: ಅಮೆರಿಕದ ದಿನವೇ ಇಲ್ಲಿಗೂ ತರ್ತೀರಾ, ಮೊದಲನೇ ದಿನಕ್ಕೆ ಎಷ್ಟು ಪೀಸ್ ಇಡ್ತೀರಾ, ಡಿಸ್ಕ್ ಡ್ರೈವ್ ಪೆಟ್ಟಿಗೆ ಒಳಗೇ ಇರುತ್ತಾ. ಅವರು ಏನು ಹೇಳಿದ್ರು ಅನ್ನೋದನ್ನ ರೂಪಾಯಿ ರೇಟ್ ಸಮೇತ ಹಾಕಿ.

ಇಂತಿ ನಿಮ್ಮ ಓದುಗ,
ತುಮಕೂರು