ಫರಕ್ಕಾದ ಪಾಳಿ ನೀರು: ಗೆಳೆಯನಿಗೊಂದು ಪತ್ರ

ವಿಜಯಪುರ

ದೋಸ್ತಾ,

ಎರಡು ದೇಶದ ಮನಸ್ಸು ಕೂಡಿದ್ರ ನದಿ ತಾನ ಹಂಚಿಕಿ ಆಗತೈತಿ ಅಂತ ಬರದೀಯಲ್ಲ, ಮನಸ್ಸಿಗಿಂತ ಮೊದ್ಲ ಅಳತಿ ಕೂಡಬೇಕೋ ಮಾರಾಯ. 1996ರ ಡಿಸೆಂಬರ್ 12ಕ್ಕ ಆಗಿನ ಪ್ರಧಾನಿಗಳಾದ ನಮ್ಮ ದೇವೇಗೌಡ್ರು, ಬಾಂಗ್ಲಾದೇಶದ ಶೇಖ್ ಹಸೀನಾ ಸಹಿ ಹಾಕಿದ ಗಂಗಾ ನೀರು ಹಂಚಿಕಿ ಒಪ್ಪಂದಾನ ತಗೊ.

ಕೋಲ್ಕತ್ತಾ ಬಂದರಿನ ಹೂಳು ತೊಳಿಯಾಕ ಪಶ್ಚಿಮ ಬಂಗಾಳದಾಗ ಗಂಗಾಕ್ಕ ಅಡ್ಡ ಕಟ್ಟಿದ ಫರಕ್ಕಾ ಬ್ಯಾರೇಜಿನಿಂದ ಹೂಗ್ಲಿ ನದಿಗೆ ಒಂದು ಕಾಲುವಿ ಐತಿ. ಅದು ಹಿಡಿಯೂದು 40,000 ಕ್ಯುಸೆಕ್ (ಒಂದು ಕ್ಯುಸೆಕ್ ಅಂದ್ರ ಸೆಕೆಂಡಿಗೆ ಒಂದು ಘನ ಅಡಿ ನೀರು). ಮಳಿಗಾಲದಾಗ ಹಂಚೂ ಗರಜಿಲ್ಲ. ಲೆಕ್ಕ ನಡಿಯೂದು ಜನವರಿ 1ರಿಂದ ಮೇ 31ರ ತನಕ, ಹತ್ತ ಹತ್ತ ದಿನದ ಕಂತಿನಾಗ. ಫರಕ್ಕಾಕ್ಕ 70,000 ಕ್ಯುಸೆಕ್ ಅಥವಾ ಅದಕ್ಕ ಕಡಿಮಿ ಬಂದ್ರ ಅರ್ಧಾ ಅರ್ಧಾ. 70ರಿಂದ 75 ಸಾವಿರ ಬಂದ್ರ ಬಾಂಗ್ಲಾದವರಿಗೆ 35,000, ಮಿಕ್ಕಿದ್ದು ನಮಗ. 75,000 ದಾಟಿದ್ರ ನಮಗ 40,000, ಉಳಿದದ್ದೆಲ್ಲಾ ಅವರಿಗೆ. (70,000 ಕ್ಯುಸೆಕ್ ಅಂದ್ರ ದಿನಕ್ಕ ಆರು ಟಿಎಂಸಿ, ಖಾಲಿ ಆಲಮಟ್ಟಿ ಇಪ್ಪತ್ತ ದಿನದಾಗ ತುಂಬತೈತಿ.)

ಬಿಗಿ ಬರೂದು ಮಾರ್ಚ್ 11ರಿಂದ ಮೇ 10ರ ನಡುವ. ಆಗ ಅರ್ಧಾ ಅರ್ಧಾ ಇಲ್ಲ, ನಮ್ಮ ಹೊಲದ ಕಾಲುವಿ ಪಾಳಿ ಇದ್ದಂಗ: ಒಂದು ಕಂತು ಅವರಿಗೆ ಖಾತ್ರಿ 35,000, ಮುಂದಿನ ಕಂತು ನಮಗ. ಹಿಂಗ ಮೂರ್ಮೂರು ಪಾಳಿ. ಒಪ್ಪಂದದ ಕೋಷ್ಟಕದಾಗ ಏಪ್ರಿಲ್ 21ರಿಂದ 30ರ ಸಾಲು ನೋಡು: ಒಟ್ಟು 60,992, ಅವರಿಗೆ 35,000, ನಮಗ 25,992.

ಅಳಿಯೂದು ಎರಡೂ ದೇಶದ ಮಂದಿ ಕೂಡೇ. ಫರಕ್ಕಾದ ಕೆಳಗ, ಕಾಲುವಿಯೊಳಗ, ಹಡಗು ದಾಟೂ ಲಾಕಿನ್ಯಾಗ, ಆಕಡೆ ಬಾಂಗ್ಲಾದ ಹಾರ್ಡಿಂಜ್ ಸೇತುವೆ ಹತ್ರ. ಒಬ್ಬರ ಕಿರ್ದಿ ಇನ್ನೊಬ್ಬರು ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿನ ಸಲುವಾಗಿ ಸಾಂಗ್ಲಿಯವರ ಜೋಡಿ ನಾವು ಮಾಡೂ ಜಗಳಕ್ಕ ಇಂಥಾದ್ದೊಂದು ಇದ್ದಿದ್ರ ಅರ್ಧಾ ಬಾಯಿ ಮುಚ್ಚತಿತ್ತು ಅನಸ್ತೈತಿ.

ಕೆಡೂದು ಎಲ್ಲಿ? ಆ ಕೋಷ್ಟಕ ಕಟ್ಟಿದ್ದು 1949ರಿಂದ 1988ರ ಹರಿವಿನ ಸರಾಸರಿ ಮ್ಯಾಲ. ಫರಕ್ಕಾದ ಮ್ಯಾಲಿನ ರಾಜ್ಯದಾಗ ಪಂಪು, ಕಾಲುವಿ ಹೆಚ್ಚಾದಂಗ ಬ್ಯಾಸಗಿ ನೀರು ಎಷ್ಟೋ ಸಲ ಆ ಅಂಕಿ ಮುಟ್ಟೂದಿಲ್ಲ. 1977ರ ಒಪ್ಪಂದದಾಗ ಬಾಂಗ್ಲಾಕ್ಕ ಅದರ ಪಾಲಿನ ಶೇ. 80ರ ಖಾತ್ರಿ ಇತ್ತು. 1996ರಾಗ ಅದನ್ನ ಕೈಬಿಟ್ರು. ಹರಿವು 50,000ಕ್ಕಿಂತ ಇಳಿದ್ರ "ತಕ್ಷಣ ಕೂತು ಮಾತಾಡ್ರಿ" ಅಂತೈತಿ ಅಷ್ಟ.

ತಕರಾರು ಬಂದ್ರ ಮೊದ್ಲ ಜಂಟಿ ಸಮಿತಿ, ಬಗೆಹರಿಲಿಲ್ಲಂದ್ರ ಜಂಟಿ ನದಿ ಆಯೋಗ, ಅಲ್ಲೂ ಆಗಲಿಲ್ಲಂದ್ರ ಎರಡೂ ಸರ್ಕಾರ. ಹೊರಗಿನ ಪಂಚರಿಲ್ಲ. ಪಾಕಿಸ್ತಾನದ ಜೋಡಿ ಮಾಡಿದ ಸಿಂಧೂ ನದಿ ಒಪ್ಪಂದದಾಗ ಅದಾರ. ಜಮ್ಮು-ಕಾಶ್ಮೀರದ ಬಗ್ಲಿಹಾರ್ ಅಣೆಕಟ್ಟಿನ ತಕರಾರು 2007ರಾಗ ತಟಸ್ಥ ತಜ್ಞರ ಹತ್ರಾನ ಮುಗೀತು. ಆದ್ರೂ ಪಹಲ್ಗಾಮ್ ದಾಳಿ ಆದ ಮ್ಯಾಲ, 2025ರ ಏಪ್ರಿಲ್‌ದಾಗ ಭಾರತ ಆ ಸಿಂಧೂ ಒಪ್ಪಂದಾನ ಅಮಾನತಿನಾಗ ಇಟ್ಟಿತು. ಪಂಚರಿದ್ದ ಕೂಡ್ಲೇ ಒಪ್ಪಂದ ಉಳೀತೈತಿ ಅಂತ ತಿಳಕೋಬ್ಯಾಡ.

ಗಂಗಾ ಒಪ್ಪಂದದ ಅವಧಿ 30 ವರ್ಷ, 2026ರ ಡಿಸೆಂಬರಿಗೆ ಮುಗೀತೈತಿ. ಹೊಸಾದು ಬರಿಯೂವಾಗ ಮೊದ್ಲ ತಗದ ಹಾಕಬೇಕಾದ್ದು ಆ ಹಳೇ ಸರಾಸರಿ.

ನಿನ್ನ ದೋಸ್ತ