ಹಳೇ ಗೆಳೆಯರ ಕಚ್ಚಾಟ ನಂಬುವಂಥದ್ದೇ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯ ಒಟಿಟಿ ಅಂಕಣದಲ್ಲಿ ‘ಮ್ಯಾಡ್ ಡಾಗ್ಸ್’ ಅಮೆರಿಕದ ಸರಣಿ ಎಂದಿದೆ. ಅದರ ಮೂಲ ಬ್ರಿಟನ್ನಿನದು. ಕ್ರಿಸ್ ಕೋಲ್ ಬರೆದದ್ದು, 2011ರ ಫೆಬ್ರವರಿಯಲ್ಲಿ ಸ್ಕೈ 1 ವಾಹಿನಿಯಲ್ಲಿ ಬಂದದ್ದು. ಮಧ್ಯ ಅಮೆರಿಕದ ಬೆಲೀಜ್ ದೇಶದಲ್ಲಿ ಕಥೆ ನಡೆಯುವ ಅಮೆರಿಕದ ಆವೃತ್ತಿ ಅಮೆಜಾನ್‌ನಲ್ಲಿ ಪೂರ್ತಿ ಬಂದಿದ್ದು 2016ರಲ್ಲಿ, ಅದೂ ಒಂದೇ ಸೀಸನ್ನಿಗೆ ನಿಂತುಹೋಯಿತು. ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಆದರೆ ಆ ಕಥೆಯಲ್ಲಿ ರಜೆಗೆಂದು ಸೇರಿದ ಇಪ್ಪತ್ತೈದು ವರ್ಷದ ಗೆಳೆಯರು ಎರಡೇ ದಿನದಲ್ಲಿ ಹೀಗೆ ಕಚ್ಚಾಡುವುದು ನಂಬಲಾಗದ್ದು ಎಂದು ಅಂಕಣಕಾರರು ತಳ್ಳಿಹಾಕಿದ್ದಾರಲ್ಲ, ಅವರನ್ನೊಮ್ಮೆ ನಮ್ಮ ಮನೆಗೆ ಕರೆಯಬೇಕೆನಿಸಿತು.

ನಾನು ಮೂಡಿಗೆರೆ ಹತ್ತಿರ ಹೋಂಸ್ಟೇ ನಡೆಸುವವಳು. ಇಂಥ ವರ್ಷದ ಬ್ಯಾಚ್, ಇಂಥ ಹಾಸ್ಟೆಲ್ ಎಂದು ಟೀಶರ್ಟ್ ಹೊಲಿಸಿಕೊಂಡು ನಲವತ್ತೈದು ದಾಟಿದ ಗಂಡಸರು ಬರುತ್ತಲೇ ಇರುತ್ತಾರೆ. ಕಾರಿಳಿಯುವಾಗ ಏನು ಅಪ್ಪುಗೆ, ಏನು ಅಡ್ಡಹೆಸರು! ರಾತ್ರಿ ಬೆಂಕಿ ಸುತ್ತ ಕೂತು ಹಾಡೆಲ್ಲ ಮುಗಿದ ಮೇಲೆ ದನಿ ಬದಲಾಗುತ್ತದೆ. ‘ನಮ್ಮಪ್ಪ ಹೋದಾಗ ಬಂದ್ಯೇನೋ ನೀನು? ಗ್ರೂಪಲ್ಲಿ ಓಂ ಶಾಂತಿ ಅಂತ ಹಾಕಿ ಕೈ ತೊಳ್ಕೊಂಡೆ’ ಎಂದು ಒಬ್ಬ ಕೂಗಾಡಿದ್ದು ಅಡುಗೆಮನೆಗೇ ಕೇಳಿಸಿತ್ತು. ಬೆಳಿಗ್ಗೆ ಕಡುಬು ಬಡಿಸಲು ಹೋದರೆ ಅವನೊಬ್ಬನೇ ಕಾರಿನಲ್ಲಿ ಕೂತು ಫೋನ್ ನೋಡುತ್ತಿದ್ದ. ಇನ್ನು ಬಿಲ್ಲಿನ ಹೊತ್ತು. ಗುಂಪಿನಲ್ಲಿ ದುಡ್ಡು ಮಾಡಿದವನೊಬ್ಬ ಇದ್ದೇ ಇರುತ್ತಾನೆ. ‘ಎಲ್ಲ ನಂದೇ ಲೆಕ್ಕ, ಬಿಡ್ರೋ’ ಅಂತಾನೆ. ಉಳಿದವರು ನಗುತ್ತಾರೆ, ಆದರೆ ಆ ನಗುವಿನಲ್ಲಿ ಖುಷಿ ಇರುವುದಿಲ್ಲ. ಹಂಚಿಕೊಂಡು ಕೊಡುವ ಗುಂಪಿನವರು ಎಷ್ಟೋ ಹಗುರಾಗಿ ಹೊರಡುತ್ತಾರೆ.

‘ಮ್ಯಾಡ್ ಡಾಗ್ಸ್’ ಹಿಡಿದಿರುವುದು ಇದನ್ನೇ. ಆಲ್ವೊ ಎಂಬ ಸಿರಿವಂತ ಬೇಗ ನಿವೃತ್ತನಾದ ಸಂತೋಷಕ್ಕೆ ಸ್ಪೇನಿನ ಮಯೋರ್ಕಾ ದ್ವೀಪದ ತನ್ನ ಬಂಗಲೆಗೆ ನಾಲ್ವರು ಹಳೇ ಸ್ನೇಹಿತರನ್ನು ಕರೆಸುತ್ತಾನೆ: ಬ್ಯಾಕ್ಸ್‌ಟರ್, ಕ್ವಿನ್, ವುಡಿ, ರಿಕ್. ಬಿಸಿಲು, ವೈನು, ಈಜುಕೊಳ, ಎಲ್ಲ ಅವನ ಖರ್ಚು. ಆಮೇಲೆ ಊಟದ ಮೇಜಿನ ಮುಂದೆ ಒಬ್ಬೊಬ್ಬರನ್ನೇ ಹಿಡಿದು ಜಾಡಿಸಲು ಶುರುಮಾಡುತ್ತಾನೆ. ಈಜುಕೊಳದಲ್ಲಿ ಸತ್ತ ಮೇಕೆ ತೇಲುತ್ತದೆ, ಬ್ರಿಟನ್ನಿನ ಮಾಜಿ ಪ್ರಧಾನಿ ಟೋನಿ ಬ್ಲೇರ್ ಮುಖವಾಡ ಹಾಕಿದ ಕುಳ್ಳನೊಬ್ಬ ಬಂದು ಆಲ್ವೊಗೆ ಗುಂಡು ಹಾರಿಸುತ್ತಾನೆ. ನನಗೆ ಎದೆ ಡವಗುಟ್ಟಿದ್ದು ಗುಂಡಿಗಲ್ಲ, ಆ ಊಟಕ್ಕೆ. ಆ ನಾಲ್ವರಾಗಿ ನಟಿಸಿದವರಲ್ಲಿ ಜಾನ್ ಸಿಮ್, ಫಿಲಿಪ್ ಗ್ಲೆನಿಸ್ಟರ್ ಜೋಡಿ ‘ಲೈಫ್ ಆನ್ ಮಾರ್ಸ್’ ಧಾರಾವಾಹಿಯ ಕಾಲದಿಂದಲೂ ಪಳಗಿದ್ದು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಮುಖ ತಿರುಗಿಸುವ ಪರಿ ನೋಡಬೇಕು. (ಆಲ್ವೊ ಆಗಿ ಸತ್ತ ಬೆನ್ ಚಾಪ್ಲಿನ್ ಅಮೆರಿಕದ ಆವೃತ್ತಿಯಲ್ಲಿ ಅತಿಥಿಗಳಲ್ಲೊಬ್ಬ, ಅಲ್ಲಿ ಆತಿಥ್ಯ ಮಾಡಿ ಸಾಯುವ ಸರದಿ ಬಿಲ್ಲಿ ಜೇನ್‌ನದು, ಪಾಪ.)

ದೂರು ನನ್ನದೂ ಇದೆ. ಮೊದಲ ಸರಣಿ ನಾಲ್ಕೇ ಕಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಜನ ಮೆಚ್ಚಿದರೆಂದು 2013ರವರೆಗೆ ಎಳೆದರು. ಇಬಿಜಾ ದ್ವೀಪ ಆಯಿತು, ದಕ್ಷಿಣ ಆಫ್ರಿಕಾ ಆಯಿತು, ಒಟ್ಟು ಹದಿನಾಲ್ಕು ಕಂತು. ಓಟ, ಬಂದೂಕು ಹೆಚ್ಚಾಗುತ್ತ ಹೋದಂತೆ ಗೆಳೆತನದ ಲೆಕ್ಕಾಚಾರ ಮೂಲೆಗೆ ಸೇರಿತು. ಹದಿನಾಲ್ಕಕ್ಕೇ ಬೇಸತ್ತೆನೆಂದರೆ ನಮ್ಮ ವಾಹಿನಿಗಳವರು ನಕ್ಕಾರು, ಅವರಿಗೆ ಸಾವಿರ ಕಂತೂ ಲೆಕ್ಕಕ್ಕಿಲ್ಲ. ಹಿಂದೆ ದೂರದರ್ಶನದಲ್ಲಿ ಹದಿಮೂರು ವಾರಕ್ಕೆ ಕಥೆ ಮುಗಿಸುವ ಶಿಸ್ತಾದರೂ ಇತ್ತು.

ಕನ್ನಡದಲ್ಲಿ ಯಾರಾದರೂ ಇಂಥ ನಾಲ್ಕು ಕಂತಿನ ಕಥೆ ತೆಗೆಯಬಾರದೇಕೆ? ಮಲೆನಾಡಿನಲ್ಲಿ ಮಳೆ ಹಿಡಿದರೆ ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಮರ ಬಿದ್ದರೆ ದಾರಿಯೂ ಇಲ್ಲ, ಕಾಲಿಗೆ ಇಂಬಳ ಬೇರೆ. ಮುನಿಸಿಕೊಂಡವನು ಎದ್ದು ಹೋಗುವುದಾದರೂ ಎಲ್ಲಿಗೆ? ಆಷಾಢದಲ್ಲಿ ವಾರದ ನಡುವೆ ನಮ್ಮ ಮನೆ ಖಾಲಿ ಇರುತ್ತದೆ, ಬಾಡಿಗೆಯಲ್ಲಿ ರಿಯಾಯಿತಿ ಕೊಟ್ಟೇನು. ಈಜುಕೊಳವಿಲ್ಲ, ಕೆರೆಯಿದೆ. ಮೇಕೆ ಮಾತ್ರ ಅವರೇ ತರಬೇಕು.

— ಹೋಂಸ್ಟೇ ನಡೆಸುವ ಓದುಗಿ, ಮೂಡಿಗೆರೆ