ತಂತಿಯ ಮೇಲಿನ ಜಾಗ

"ಅಜ್ಜಿ, ನಾನು ಹಸಿವು ಇದ್ದೇನೆ."

ಕಳೆದ ಡಿಸೆಂಬರಿನಲ್ಲಿ ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ, ಊರಿಂದ ದೂರ ಬೆಳೆಯುತ್ತಿರುವ ನನ್ನ ಒಂಬತ್ತು ವರ್ಷದ ಮಗಳು ಆಡಿದ ಮಾತಿದು. ಕಾಫಿ ಕೊಯ್ಲಿನ ಸಮಯ. ಕಣದ ತುಂಬ ಹಣ್ಣು, ಜಗಲಿಯ ತುಂಬ ಜನ. ಅಣ್ಣನ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡವರೂ ನಕ್ಕೆವು, ನಾನೂ ಸೇರಿ. ಎಲ್ಲರಿಗಿಂತ ಜಾಸ್ತಿ ನಕ್ಕವಳು ಅವಳೇ. ಏನೋ ಒಳ್ಳೆಯ ಜೋಕ್ ಹೇಳಿದೆ ಅಂದುಕೊಂಡಿರಬೇಕು.

ಕನ್ನಡದಲ್ಲಿ ಹಸಿವು, ಚಳಿ, ನಿದ್ದೆ ಎಲ್ಲ ನಮಗೆ ಬರುತ್ತವೆ, ಆಗುತ್ತವೆ. ಇಂಗ್ಲಿಷಿನಲ್ಲಿ ಯೋಚಿಸುವ ಮಗು ತಾನೇ ಹಸಿವಾಗಿ ನಿಂತುಬಿಡುತ್ತದೆ. ಅಡುಗೆಮನೆಯಿಂದ ಅಮ್ಮ ಅಕ್ಕಿ ರೊಟ್ಟಿ ತಂದು ತಟ್ಟೆಗೆ ಹಾಕಿ, "ನಂಗೆ ಹಸಿವಾಗಿದೆ ಅನ್ಬೇಕು ಪುಟ್ಟಿ" ಅಂದರು. ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಮಾರನೇ ದಿನವಿಡೀ ಅಣ್ಣನ ಮಕ್ಕಳು "ನಾನು ಚಳಿ ಇದ್ದೇನೆ", "ನಾನು ನಿದ್ದೆ ಇದ್ದೇನೆ" ಅಂತ ಅವಳದೇ ರಾಗದಲ್ಲಿ ಹೇಳುತ್ತಾ ಓಡಾಡಿದರು. ಸಂಜೆಯ ಹೊತ್ತಿಗೆ ಅವಳಿಗೆ ಅರ್ಥವಾಯಿತು. ಆಮೇಲೆ ನನ್ನ ಹತ್ತಿರ ಇಂಗ್ಲಿಷ್, ಅಜ್ಜಿಯ ಹತ್ತಿರ ಬರೀ ಕೈಸನ್ನೆ.

ಎರಡು ದಿನ ಹೀಗೇ ಕಳೆದ ಮೇಲೆ ಒಂದು ರಾತ್ರಿ ಅವಳು ಟ್ಯಾಬ್ ಹಿಡಿದುಕೊಂಡು ಅಜ್ಜಿಯ ಪಕ್ಕ ಹೋಗಿ ಕೂತಳು. ಹಾಕಿದ್ದು 'ಫಾರ್ ದ ಬರ್ಡ್ಸ್'. ಪಿಕ್ಸಾರ್ ಸಂಸ್ಥೆ 2000ದಲ್ಲಿ ಮಾಡಿದ ಪುಟ್ಟ ಅನಿಮೇಷನ್ ಚಿತ್ರ, ರಾಲ್ಫ್ ಎಗಲ್‌ಸ್ಟನ್ ನಿರ್ದೇಶನ. 2002ರಲ್ಲಿ ಆಸ್ಕರ್ ಕೂಡ ಬಂತು. ಎಲ್ಲಾ ಸೇರಿ ಮೂರು ನಿಮಿಷ ಚಿಲ್ಲರೆ. ಅಷ್ಟಕ್ಕೂ ಅದನ್ನೇ ಯಾಕೆ ಆರಿಸಿದಳು ಅಂತ ನಾನು ಕೇಳಿಲ್ಲ. ಅದರಲ್ಲಿ ಮಾತೇ ಇಲ್ಲವಲ್ಲ, ಅದಕ್ಕಿರಬಹುದು.

ಕತೆ ಇಷ್ಟೇ. ಟೆಲಿಫೋನ್ ತಂತಿಯ ಮೇಲೆ ಸಣ್ಣ ಹಕ್ಕಿಗಳು ಒಂದೊಂದಾಗಿ ಬಂದು ಕೂರುತ್ತವೆ, ಜಾಗಕ್ಕೆ ಜಗಳ ಆಡುತ್ತವೆ. ಪಕ್ಕದ ಕಂಬದ ಮೇಲೆ ಉದ್ದ ಕತ್ತಿನ, ಕೆದರಿದ ಜುಟ್ಟಿನ ಒಂದು ದೊಡ್ಡ ಹಕ್ಕಿ. ಖುಷಿಯಾಗಿ ಒಂದು ವಿಚಿತ್ರ ಕೂಗು ಹಾಕುತ್ತದೆ. ಸಣ್ಣವು ಅದನ್ನು ಅಣಕಿಸಿ ನಗುತ್ತವೆ. ಅದಕ್ಕೆ ಬೇಜಾರೇ ಇಲ್ಲ, ಸೀದಾ ಬಂದು ಇವುಗಳ ನಡುವೆ ಕೂರುತ್ತದೆ. ತಂತಿ ಜೋತು ಬೀಳುತ್ತದೆ, ಎಲ್ಲವೂ ಜಾರಿ ಅದಕ್ಕೆ ಒತ್ತಿಕೊಳ್ಳುತ್ತವೆ. ಸಿಟ್ಟಾದ ಸಣ್ಣವು ಅದನ್ನು ಕುಕ್ಕಿ ತಲೆಕೆಳಗಾಗಿಸಿ, ಕಾಲ್ಬೆರಳುಗಳನ್ನು ಒಂದೊಂದಾಗಿ ಕುಕ್ಕಿ ಬಿಡಿಸುತ್ತವೆ. ಅದು ಬಿದ್ದರೆ ತಂತಿ ಚಿಮ್ಮುತ್ತದೆ ಅನ್ನುವುದು ಹೊಳೆಯುವಾಗ ತಡವಾಗಿರುತ್ತದೆ. ದೊಡ್ಡದು ಮೆಲ್ಲಗೆ ನೆಲ ಮುಟ್ಟುತ್ತದೆ. ಸಣ್ಣವು ಆಕಾಶಕ್ಕೆ ಹಾರಿ, ಗರಿಯೆಲ್ಲ ಉದುರಿ, ಬತ್ತಲೆಯಾಗಿ ಕೆಳಗೆ ಬೀಳುತ್ತವೆ. ದೊಡ್ಡದು ಬಿದ್ದು ಬಿದ್ದು ನಗುತ್ತದೆ, ಮೊದಲು ಬಿದ್ದದ್ದಕ್ಕೆ ಮಾನ ಮುಚ್ಚಿಕೊಳ್ಳಲು ಎಲೆಯನ್ನೂ ಕೊಡುತ್ತದೆ.

ಅಮ್ಮ ಚೆನ್ನಾಗಿ ನಕ್ಕರು. ಆಮೇಲೆ, "ಪಾಪ, ಅವು ಅಣಕಿಸ್ತಿದ್ದದ್ದು ಅದಕ್ಕೆ ಗೊತ್ತೇ ಆಗ್ಲಿಲ್ಲ ಅಲ್ವಾ?" ಅಂದರು.

"ಗೊತ್ತಾಯ್ತು ಅಜ್ಜಿ," ಅಂದಳು ಮಗಳು. "ಸ್ವಲ್ಪ ಲೇಟಾಗಿ."

ಎರಡು ದಿನದಲ್ಲಿ ಅವಳು ಆಡಿದ ಮೊದಲ ಕನ್ನಡದ ಮಾತು.

ಈ ಚಿತ್ರವನ್ನು ಶಾಲೆಗಳಲ್ಲಿ ತೋರಿಸುತ್ತಾರೆ. ಬೇರೆ ಥರ ಇರುವವರನ್ನು ಗೇಲಿ ಮಾಡಬಾರದು ಅಂತ ಪಾಠ ಹೇಳಿ ಮುಗಿಸುತ್ತಾರೆ. ಸರಿಯೇ. ಆದರೆ ನನ್ನನ್ನು ಕಾಡಿದ್ದು ಶುರುವಿನ ಅರ್ಧ ನಿಮಿಷ. ದೊಡ್ಡ ಹಕ್ಕಿ ಕೂಗುವ ತನಕ ಆ ಸಣ್ಣ ಹಕ್ಕಿಗಳು ಗುಂಪೇ ಅಲ್ಲ. ಒಂದಕ್ಕೊಂದು ಕಂಡರಾಗದು, ಸುಮ್ನೆ ಒಂದೇ ತಂತಿ ಹಿಡಿದು ಕೂತಿವೆ. ನಗೋದಕ್ಕೆ ಒಬ್ಬ ಸಿಕ್ಕ ಕೂಡಲೇ ಎಲ್ಲವೂ ಒಂದಾದವು. ಇಲ್ಲಿನ ನಮ್ಮ ಕನ್ನಡ ಸಂಘದ ವಾರ್ಷಿಕ ಸಭೆಗೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಯೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ದೊಡ್ಡ ಹಕ್ಕಿ ಗೆದ್ದಿತು ಅಂತ ನಾವು ಚಪ್ಪಾಳೆ ತಟ್ಟುತ್ತೇವೆ. ಅದಕ್ಕೆ ಬೇಕಾಗಿದ್ದದ್ದು ಗೆಲುವಲ್ಲ, ತಂತಿಯ ಮೇಲೆ ಒಂದಿಷ್ಟು ಜಾಗ. ಅದು ಕೊನೆಗೂ ಸಿಗಲಿಲ್ಲ. ಗರಿ ಬೆಳೆದ ಮೇಲೆ ಸಣ್ಣವು ಮತ್ತೆ ಹಾರಿ ತಂತಿಗೆ ಹೋಗುತ್ತವಲ್ಲ, ಆಗ ದೊಡ್ಡದು ಏನು ಮಾಡಬೇಕು? ಮೂರು ನಿಮಿಷದ ಚಿತ್ರಕ್ಕೆ ಅಷ್ಟೆಲ್ಲ ಕೇಳುವುದು ಅನ್ಯಾಯ, ಗೊತ್ತು.

ಬೆಳಿಗ್ಗೆ ತೋಟದ ಕಡೆ ನಡೆಯುವಾಗ ಒಂದು ಕಾಜಾಣ ಸಿಕ್ಕಿತು. ಬಾಲದಿಂದ ಎರಡು ಉದ್ದ ಕಡ್ಡಿ ಇಳಿಬಿದ್ದು, ತುದಿಯಲ್ಲಿ ಒಂದೊಂದು ಗರಿ ಇರುತ್ತದಲ್ಲ, ಆ ಜಾತಿಯದು. ಕಪ್ಪು ಬಣ್ಣ, ಸುತ್ತಲಿದ್ದ ಹಕ್ಕಿಗಳಿಗಿಂತ ದೊಡ್ಡದು. ನಮ್ಮ ಮಲೆನಾಡಿನ ಕಾಡುಗಳಲ್ಲಿ ಹಲವು ಜಾತಿಯ ಹಕ್ಕಿಗಳು ಒಟ್ಟಿಗೆ ಮೇಯುತ್ತಾ ಹೋಗುತ್ತವೆ, ಈ ಕಾಜಾಣ ಆ ಗುಂಪಿನ ಜೊತೆಗೆ ಇರುತ್ತದೆ. ಸಾಧುವೇನಲ್ಲ. ಬೇರೆಯವು ಎಬ್ಬಿಸಿದ ಹುಳು ಹಿಡಿಯುತ್ತದೆ, ಆಗಾಗ ಬಾಯಿಂದಲೇ ಕಿತ್ತುಕೊಳ್ಳುವುದೂ ಉಂಟು. ಆದರೆ ಗಿಡುಗ ಕಂಡರೆ ಕಿರುಚಿ ಎಲ್ಲರನ್ನೂ ಎಚ್ಚರಿಸುತ್ತದೆ. ಇನ್ನೊಂದು ವಿದ್ಯೆಯೂ ಅದಕ್ಕುಂಟು, ಬೇರೆ ಹಕ್ಕಿಗಳ ಕೂಗನ್ನು ಹಾಗೇ ಅನುಕರಿಸುತ್ತದೆ. ಶ್ರೀಲಂಕಾದ ಕಾಡುಗಳಲ್ಲಿ ಇದರ ಬೆನ್ನುಹತ್ತಿದ ಸಂಶೋಧಕರಿಗೆ ಕಂಡದ್ದೇನೆಂದರೆ, ಹೀಗೆ ಬೇರೆಯವರ ದನಿಯಲ್ಲಿ ಕೂಗಿದಾಗ ಆ ಹಕ್ಕಿಗಳು ಹತ್ತಿರ ಬರುತ್ತವೆ, ಗುಂಪು ಕೂಡುತ್ತದೆ. ತೇಜಸ್ವಿಯವರು ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದದ್ದು ಇದೇ ಮೂಡಿಗೆರೆಯಲ್ಲಿ. ಅಲ್ಲೇ ಹುಟ್ಟಿ ಬೆಳೆದ ನಾನು ಕಾಜಾಣದ ಈ ಕತೆ ಓದಿದ್ದು ಊರು ಬಿಟ್ಟು ಇಲ್ಲಿಗೆ ಬಂದ ಮೇಲೆ, ಲೈಬ್ರರಿಯಲ್ಲಿ. ನಾಚಿಕೆಯ ವಿಷಯ.

ಸಿನಿಮಾದ ಹಕ್ಕಿಗಳು ಜುಟ್ಟು ಕೆದರಿಕೊಂಡು ಅಣಕಿಸುತ್ತವೆ. ಕಾಜಾಣ ಪಕ್ಕದವರ ದನಿ ಎತ್ತಿಕೊಂಡು ಕರೆಯುತ್ತದೆ. ನಾವು ಯಾವ ಥರ ಅನುಕರಿಸುತ್ತೇವೆ ಅಂತ ಅವತ್ತಿನಿಂದ ಯೋಚಿಸುತ್ತಿದ್ದೇನೆ. ಹುಬ್ಬಳ್ಳಿಯವರ ಮಾತು, ಮಂಗಳೂರಿನವರ ಮಾತು, ನಮ್ಮ ಹಾಸನ, ಚಿಕ್ಕಮಗಳೂರಿನವರ "ಮಾರಾಯ್ತಿ" ಎಲ್ಲವೂ ಸಂಘದ ಪಿಕ್ನಿಕ್ಕಿನಲ್ಲಿ ಮಿಮಿಕ್ರಿಗೆ ಸರಕು. ದೊಡ್ಡವರು ತಡೆದುಕೊಳ್ಳುತ್ತಾರೆ, ವಾಪಸ್ಸು ಕೊಡುತ್ತಾರೆ ಕೂಡ. ಕಳೆದ ರಾಜ್ಯೋತ್ಸವದಲ್ಲಿ ಒಬ್ಬ ಹುಡುಗ ವೇದಿಕೆಯ ಮೇಲೆ "ಹಳದಿ" ಅನ್ನಲು ಹೋಗಿ "ಹಲದಿ" ಅಂದ. ಮುಂದಿನ ಸಾಲು ಗೊಳ್ಳೆಂದಿತು. ಆ ಸಾಲಿನಲ್ಲಿ ನಾನೂ ಇದ್ದೆ. ಅವನೂ ನಮ್ಮ ಜೊತೆ ನಕ್ಕ. ಈ ಸಲದ ಕಾರ್ಯಕ್ರಮಕ್ಕೆ ಅವನ ಹೆಸರು ಕೊಡಿ ಅಂತ ಕೇಳಿದಾಗ, ಅವತ್ತು ಫುಟ್‌ಬಾಲ್ ಇದೆ ಅಂತ ಅವನ ಅಮ್ಮ ಹೇಳಿದರು.

ಸಂಘದ ಈ ಪತ್ರಿಕೆಯ ಮುಂದಿನ ಸಂಚಿಕೆಯಿಂದ ಮಕ್ಕಳ ಪುಟದ ಬರಹಗಳನ್ನು ಅವರು ಬರೆದ ಹಾಗೇ ಅಚ್ಚು ಮಾಡೋಣ ಅಂತಿದ್ದೇನೆ. ತಿದ್ದಿದ್ದನ್ನು ಬೇರೆಯಾಗಿ ಮಗುವಿಗೆ ಕಳಿಸುತ್ತೇವೆ. ಭಾಷೆ ಕೆಡುತ್ತದೆ ಅಂತ ಸಮಿತಿಯಲ್ಲಿ ಇಬ್ಬರು ಹಿರಿಯರಿಗೆ ಅಸಮಾಧಾನವಿದೆ. ಪತ್ರ ಬರೆಯಿರಿ, ಅದನ್ನೂ ಹಾಕೋಣ.

ಹೋದ ಭಾನುವಾರ ಫೋನ್ ಮಾಡಿದಾಗ ಅಮ್ಮ ಆಗಷ್ಟೇ ಮದುವೆಮನೆಯಿಂದ ಬಂದಿದ್ದರು. ಪಂಕ್ತಿ ತಡವಾಯಿತಂತೆ, ಉಣ್ಣದೆ ಬಂದುಬಿಟ್ಟರಂತೆ. ಮೊಮ್ಮಗಳು ಫೋನ್ ತೆಗೆದುಕೊಂಡಳು.

"ಪುಟ್ಟೀ, ನಾನು ಹಸಿವು ಇದ್ದೇನೆ ಕಣೇ."

"ಅಜ್ಜೀ! ನಂಗೆ ಹಸಿವಾಗಿದೆ ಅನ್ಬೇಕು."